ಅಜ್ಜಿಯ ಮಂಚದ ಮುಂದೆ ನಿಂತ ಕೆಂಡದೊಲೆ

ಒಲೆ ನಡೆದು ಬರುತ್ತಿರುವುದನ್ನು ಮೊದಲು ಕಂಡವನು ಎದುರುಮನೆಯ ಬಡಗಿ ತೋಪಣ್ಣ. ಬೆಳಗಿನ ಬಿಸಿಲಿಗೆ ಬೆನ್ನೊಡ್ಡಿ, ತನ್ನ ಬಳಿಗೇ ವಾಪಸು ಬಂದ ಕುರ್ಚಿಗಳಲ್ಲಿ ಒಂದರ ಮೇಲೆ ಕೂತು ಅವನು ಕಾಫಿ ಕುಡಿಯುತ್ತಿದ್ದ. "ಶಾಂಭವೀ, ಪೇಟೆ ಕಡೆಯಿಂದ ಏನೋ ಬರ್ತಾ ಐತೆ ನೋಡವ್ವ. ನಂದಂತೂ ಅಲ್ಲ. ನನ್ನವು ನಾಲ್ಕು ಕಾಲಲ್ಲಿ ಬರ್ತವೆ, ಇದಕ್ಕೆ ಮೂರೇ ಐತೆ" ಎಂದು ಕೂಗಿದ. ನಾನು ತಿದಿಯ ಹಿಡಿ ಬಿಟ್ಟು ಹೊರಗೆ ಬಂದೆ. ಓಣಿಯ ತಿರುವಿನಲ್ಲಿ, ಧೂಳಿನ ನಡುವೆ, ಮೂರು ಕಾಲು. ಅದರ ಮೇಲೆ ದುಂಡನೆಯ ಕಪ್ಪು ಹೊಟ್ಟೆ. ಒಂದು ಪಕ್ಕಕ್ಕೆ ಜೋತುಬಿದ್ದ ಮುಚ್ಚಳ. ಹೆಜ್ಜೆ ಹೆಜ್ಜೆಗೂ ಮುಚ್ಚಳ ಹೊಟ್ಟೆಗೆ ಬಡಿದು ಠಣ್ಣೆನ್ನುತ್ತಿತ್ತು. ಅದರ ಹಿಂದೆ, ಕೈಯಲ್ಲಿ ಇಕ್ಕಳ ಹಿಡಿದುಕೊಂಡೇ, ಕಬಾಬು ಮಾರುವ ಗುಲ್ಜಾರಮ್ಮ ಬರುತ್ತಿದ್ದರು. ಅದು ನಾನು ಮಾಡಿದ ಒಲೆ. ಅದು ನಮ್ಮ ಮನೆ ಬಿಟ್ಟು ಅಂದಿಗೆ ತೊಂಬತ್ತೇಳು ದಿನ.

ನಮ್ಮೂರಲ್ಲಿ ಕೆಟ್ಟ ವಸ್ತು ಅದನ್ನು ಮಾಡಿದವರ ಮನೆಗೆ ತಾನೇ ವಾಪಸು ಬರುತ್ತದೆ. ಕಾಲಿದ್ದದ್ದು ನಡೆದು ಬರುತ್ತದೆ, ಇಲ್ಲದ್ದು ಉರುಳಿಕೊಂಡೋ ತೆವಳಿಕೊಂಡೋ ಬರುತ್ತದೆ. ಹಾಗಾಗಿ ಕಸುಬಿನವರ ಮನೆಗಳಿಗೆಲ್ಲ ಎರಡು ದಾರಿ. ಪಕ್ಕದ ದಾರಿ ಮನುಷ್ಯರದು. ಬೀದಿಯಿಂದ ನೇರವಾಗಿ ಬಾಗಿಲಿಗೆ ಬರುವ ಮೂರು ಗೇಣು ಅಗಲದ ದಾರಿ ವಸ್ತುಗಳದು. ಅದಕ್ಕೆ ಬರುದಾರಿ ಎನ್ನುತ್ತೇವೆ. ಮಕ್ಕಳು ಕೂಡ ಅದರ ಮೇಲೆ ಕಾಲಿಡುವುದಿಲ್ಲ. ಸಾಮಾನು ಕೊಳ್ಳಲು ಬಂದವರು, ಸಂಬಂಧ ಬೆಳೆಸಲು ಬಂದವರು, ಎಲ್ಲರೂ ಮೊದಲು ನೋಡುವುದು ಆ ದಾರಿಯನ್ನೇ. ತೋಪಣ್ಣನ ಬರುದಾರಿ ಗಾಡಿಜಾಡಿನಂತೆ ಸವೆದುಹೋಗಿದೆ. ನನ್ನ ಕುರ್ಚಿಗಳಿಗೆ ತವರಿನ ಮೋಹ ಜಾಸ್ತಿ ಎಂದು ಅವನೇ ನಗುತ್ತಾನೆ. ಆದರೆ ಬಂದದ್ದನ್ನು ಸರಿಮಾಡಿ, ವಾರಗಟ್ಟಲೆ ತಾನೇ ಕೂತು ನೋಡಿ, ಆಮೇಲೆಯೇ ತಲೆಯ ಮೇಲೆ ಹೊತ್ತು ಕೊಟ್ಟುಬರುತ್ತಾನೆ.

ನಮ್ಮ ಬರುದಾರಿಯಲ್ಲಿ ಹುಲ್ಲು ಬೆಳೆದಿತ್ತು. ಮೊಣಕಾಲೆತ್ತರದ ಹುಲ್ಲು. ನಮ್ಮಜ್ಜಿ ಮೌನಮ್ಮ ಕುಲುಮೆ ಹಚ್ಚಿದ ಮೇಲಿನ ನಲವತ್ತೊಂದು ವರ್ಷಗಳಲ್ಲಿ ಅವಳ ಕೈಯಿಂದ ಹೋದ ಒಂದೇ ಒಂದು ಒಲೆಯೂ ಹಿಂದಿರುಗಿ ಬಂದಿರಲಿಲ್ಲ. ಅಜ್ಜಿ ಇದನ್ನು ಬಾಯಿಬಿಟ್ಟು ಹೇಳಿಕೊಂಡವಳಲ್ಲ. ಆ ಹುಲ್ಲನ್ನು ಯಾರಿಗೂ ಕೀಳಲು ಬಿಡುತ್ತಿರಲಿಲ್ಲ, ಅಷ್ಟೇ. ಬೇಸಿಗೆಯಲ್ಲಿ ಮಾತ್ರ, ಯಾರೂ ನೋಡುತ್ತಿಲ್ಲ ಅಂದುಕೊಂಡು, ಒಂದು ಚೊಂಬು ನೀರು ಹಾಕುತ್ತಿದ್ದಳು.

ಪೇಟೆಯವರು ಗ್ರಿಲ್ಲು ಅನ್ನುವುದನ್ನೇ ನಾವು ಕೆಂಡದೊಲೆ ಅನ್ನುತ್ತೇವೆ. ಅಜ್ಜಿಯ ಲೆಕ್ಕದಲ್ಲಿ ಅದು ಒಂದು ತಿಂಗಳ ಕೆಲಸ, ಒಂದು ದಿನ ಕಡಿಮೆಯಾದರೂ ಅವಳಿಗೆ ಅನುಮಾನ. ಹೊಟ್ಟೆ ಎರಡು ಪದರದ ದಪ್ಪ ತಗಡಿನದು; ಒಳಗೆ ಇದ್ದಿಲು ನಿಗಿನಿಗಿ ಉರಿಯುತ್ತಿದ್ದರೂ ಹೊರಗೆ ಬೆಚ್ಚಗಿರಬೇಕು, ಸುಡಬಾರದು. ಮೇಲಿನ ಸರಳು ಹೆಬ್ಬೆರಳ ದಪ್ಪ. ತಳದ ಗಾಳಿಕಿಂಡಿಯನ್ನು ಕಿರುಬೆರಳಲ್ಲಿ ಸರಿಸಿದರೆ ಸರಿಯಬೇಕು, ಬಿಟ್ಟ ಕಡೆ ನಿಲ್ಲಬೇಕು. ಎಲ್ಲ ಮುಗಿದ ಮೇಲೆ ಅಜ್ಜಿ ಮುಚ್ಚಳದ ಅಂಚಿಗೆ ಒಂದು ವೀಳ್ಯದೆಲೆ ಸಿಕ್ಕಿಸಿ ಮುಚ್ಚಿ ಎಳೆಯುತ್ತಿದ್ದಳು. ಎಲೆ ಹರಿದರೆ ಒಲೆ ಗಿರಾಕಿಯ ಮನೆಗೆ. ಜಾರಿ ಈಚೆ ಬಂದರೆ ಮತ್ತೆ ಅಡಿಗಲ್ಲಿಗೆ, ಸುತ್ತಿಗೆಯ ಕೆಳಗೆ.

ನನ್ನನ್ನು ಸಾಕಿದ್ದು ಅಜ್ಜಿಯೇ. ನಾನು ಕೂತು ತಿದಿ ಒತ್ತಬೇಕು, ಅವಳು ಕಬ್ಬಿಣ ಕಾಯಿಸುತ್ತ ಕಥೆ ಹೇಳಬೇಕು. ರಾಜಕುಮಾರ ಕುದುರೆ ಏರಿದ ಅಂದರೆ ಜೋರಾಗಿ ಒತ್ತಬೇಕು, ರಾಜಕುಮಾರಿ ಬಾವಿಕಟ್ಟೆಯ ಮೇಲೆ ಕೂತು ಅಳುತ್ತಾಳೆ ಅಂದರೆ ಮೆಲ್ಲಗೆ. ತನ್ನನ್ನು ಮಾಡಿದ ಕುಂಬಾರನ ಹೆಸರು ಮರೆತ ಮಡಕೆಯೊಂದು ಏಳು ಬೆಟ್ಟ ಹತ್ತಿ ಇಳಿದು ಕಂಡಕಂಡವರನ್ನು ಕೇಳುತ್ತ ಹೋಗುವ ಕಥೆಗೆ ಒಂದು ಇಡೀ ಒಲೆಯ ಸರಳುಗಳು ಕಾಯುತ್ತಿದ್ದವು. ಹೀಗೆ ಬೆಂಕಿಯ ಹದ ನನ್ನ ಕೈಗೆ ಕಥೆಯ ಜೊತೆಯಲ್ಲೇ ಬಂತು. ಮಿಕ್ಕ ವಿಷಯಗಳಲ್ಲಿ ನಾನು ಮೈಮರೆವಿನವಳು. ಇದ್ದಿಲು ತರಲು ಹೋದವಳು ಕೆರೆಯ ಮೇಲಿನ ಮೋಡಗಳಲ್ಲಿ ಆ ಏಳು ಬೆಟ್ಟ ಹುಡುಕುತ್ತ ಮಧ್ಯಾಹ್ನ ಕಳೆದುಬಿಡುತ್ತಿದ್ದೆ. ಇವಳನ್ನ ಕಳಿಸೋ ಬದ್ಲು ಬುಟ್ಟೀನೇ ಕಳಿಸಿದ್ರೆ ಬೇಗ ಬರ್ತಿತ್ತು ಎಂದು ಅಜ್ಜಿ ಬೈಯುತ್ತಿದ್ದಳು.

ಈಚೆಗೆ ಪೇಟೆಗೆ ತೆಳು ತಗಡಿನ ಒಲೆಗಳು ಬಂದವು. ಹೊಳೆಯುವ ಬಣ್ಣ, ಪಕ್ಕಕ್ಕೊಂದು ಚಕ್ರ, ಬಂಗಾರದ ಬಣ್ಣದ ಹಿಡಿ. ಎಲ್ಲಿಯವೋ, ಯಾರು ಮಾಡಿದ್ದೋ. ಎರಡು ಮಳೆಗಾಲ ಕಳೆಯುವುದರೊಳಗೆ ಅವು ತೂತು ಬಿದ್ದು ಹೊರಟು ನಾಲ್ಕುದಾರಿ ಕೂಡುವಲ್ಲಿ ಬಂದು ನಿಂತವು. ಕಾಲು ಒಬ್ಬರು ಮಾಡಿದ್ದು, ಮುಚ್ಚಳ ಇನ್ನೊಬ್ಬರು, ಹಿಡಿ ಮತ್ತೊಬ್ಬರು. ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಂತಲ್ಲೇ ಸುತ್ತುತ್ತಿದ್ದವು. ಈಗಲೂ ಅಲ್ಲಿ ಹದಿನೈದು ಇಪ್ಪತ್ತು ಒಲೆ ಇವೆ. ಹೂ ಮಾರುವವರು ಬಿಸಿಲು ಏರಿದಾಗ ಅವುಗಳ ನೆರಳಿಗೆ ಬುಟ್ಟಿ ಇಡುತ್ತಾರೆ. ಅವನ್ನು ಕಂಡರೆ ಅಜ್ಜಿ ಸೆರಗು ಮುಂದಕ್ಕೆ ಎಳೆದುಕೊಂಡು ಬೇಗ ಬೇಗ ದಾಟುತ್ತಿದ್ದಳು. "ಅನಾಥ ಮಕ್ಕಳು. ಬೈಬ್ಯಾಡ ಅವನ್ನ" ಅನ್ನುತ್ತಿದ್ದಳು.

ಕೆರೆ ಏರಿಯ ಮೇಲೆ ಕಬಾಬು ಸುಡುವ ಗುಲ್ಜಾರಮ್ಮ ಅಂಥ ಮೂರು ಒಲೆ ಕಳೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. "ಮೂರ್ನೇದು ವ್ಯಾಪಾರದ ಹೊತ್ನಲ್ಲೇ ಎದ್ದು ಹೋಯ್ತು, ಮೌನಕ್ಕ. ಮ್ಯಾಲೆ ಆರು ಸೀಕು ಕಬಾಬು ಇದ್ವು, ಅವೂನೂ ತಗೊಂಡು ಹೋಯ್ತು. ಗಿರಾಕಿ ತಟ್ಟೆ ಹಿಡ್ಕೊಂಡು ಅದರ ಹಿಂದೇನೇ ಓಡ್ದ. ನಂಗೆ ನಿಮ್ಮ ಕೈದೇ ಬೇಕು" ಎಂದರು. ಅಜ್ಜಿ ತನ್ನ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು, "ನನ್ನ ಕೈ ಈಗ ಇವಳು" ಎಂದು ನನ್ನನ್ನು ತೋರಿಸಿದಳು. ಗುಲ್ಜಾರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಆಮೇಲೆ ಬರುದಾರಿಯ ಹುಲ್ಲನ್ನು ನೋಡಿ, ಆಗಲಿ ಅಂದರು.

ಒಲೆ ಮುಗಿದಾಗ ಎಲೆ ಹರಿಯಿತು. ಆದರೂ ನಮ್ಮ ಮನೆಯ ಅಚ್ಚು ಅದರ ಮೇಲೆ ಬೀಳಲಿಲ್ಲ. ನಮ್ಮ ಅಚ್ಚು ಬೆರಳುದ್ದದ ಉಕ್ಕಿನ ತುಂಡು, ತುದಿಯಲ್ಲಿ ಮೂರು ಕಿಡಿಗಳ ಗುರುತು. ಅದನ್ನು ಅಜ್ಜಿ ಸೊಂಟದ ಚೀಲದಲ್ಲೇ ಇಟ್ಟುಕೊಂಡಿರುತ್ತಾಳೆ. "ನೂರು ದಿನ ನಿಂತ ಕಡೆ ನಿಲ್ಲಲಿ. ಆಮೇಲೆ ಅಚ್ಚು ನಿಂದು, ಕುಲುಮೆ ನಿಂದು. ನಾನು ಬರೀ ಕಥೆ ಹೇಳ್ಕಂಡು ಕೂತ್ಕಂತೀನಿ" ಎಂದಿದ್ದಳು. ಅಂದಿನಿಂದ ನಾನು ಗೋಡೆಯ ಮೇಲೆ ದಿನಕ್ಕೊಂದು ಇದ್ದಿಲ ಗೀಟು ಎಳೆಯುತ್ತಿದ್ದೆ. ಇನ್ನು ಮೂರೇ ಗೀಟು ಉಳಿದಿದ್ದವು.

ಒಲೆ ಬೀದಿಯಿಂದ ತಿರುಗಿ ನಮ್ಮ ಬರುದಾರಿಯ ತುದಿಯಲ್ಲಿ ನಿಂತಿತು. ಹುಲ್ಲು ಕಂಡು ಹಿಂಜರಿದಂತೆ ಒಂದು ಗಳಿಗೆ ನಿಂತು, ಒಳಗೆ ಕಾಲಿಟ್ಟಿತು. ಅಷ್ಟು ವರ್ಷದ ಹುಲ್ಲು ಬಾಗಿತು. ನಾನು ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತಿದ್ದೆ. ಕೆಟ್ಟ ವಸ್ತುವನ್ನು ಮಾಡಿದವರು ಹಾಗೆ ನಿಂತೇ ಎದುರುಗೊಳ್ಳಬೇಕು. ಒಲೆ ನನ್ನ ಹತ್ತಿರ ಬಂತು. ನನ್ನ ಪಕ್ಕದಿಂದ ಸರಿದು ಒಳಗೆ ಹೋಯಿತು. ಕುಲುಮೆಯ ಮೂಲೆಯಲ್ಲಿ ಅಜ್ಜಿ ಕೂತಿದ್ದ ಮಂಚದ ಮುಂದೆ ಹೋಗಿ ಮೂರೂ ಕಾಲೂರಿ ನಿಂತುಬಿಟ್ಟಿತು.

ತೋಪಣ್ಣ ಕಾಫಿ ಲೋಟದ ಸಮೇತ ನಮ್ಮ ಬಾಗಿಲಿಗೆ ಬಂದಿದ್ದ. "ಓಹೋ" ಎಂದ. ಆಮೇಲೆ ಮೆತ್ತಗೆ, "ಅಂದ್ರೆ ಇದು ಹುಡುಗಿ ಕೈದಲ್ಲ. ಮೌನಮ್ಮನೇ ಮಾಡಿ ಮೊಮ್ಮಗಳ ಹೆಸರು ಹೇಳವ್ರೆ" ಎಂದ. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ, ಕಂಡದ್ದನ್ನು ಹೇಳಿದ. ಓಣಿಯಲ್ಲಿ ಸೇರಿದವರೂ ಅದನ್ನೇ ಕಂಡಿದ್ದರು. ಒಂದು ತಿಂಗಳು ನಾನು ಕಾಯಿಸಿ, ಬಡಿದು, ಅರದಲ್ಲಿ ಉಜ್ಜಿ, ಕೈಯೆಲ್ಲ ಬೊಬ್ಬೆ ಎಬ್ಬಿಸಿಕೊಂಡು ಮಾಡಿದ ಒಲೆ ನನ್ನ ಗುರುತೇ ಇಲ್ಲದಂತೆ ಹೋಗಿ ಬೇರೆಯವರ ಮುಂದೆ ನಿಂತಿತ್ತು. ಕಥೆಯ ಮಡಕೆ ಕೂಡ ಕೊನೆಗೆ ತನ್ನವನನ್ನು ಗುರುತು ಹಿಡಿಯುತ್ತದೆ. ಅಜ್ಜಿ ಮಾತ್ರ ಒಲೆಯ ಕಡೆ ನೋಡುತ್ತಲೇ ಇದ್ದಳು.

ಆದರೂ ಮಾಡಬೇಕಾದದ್ದನ್ನು ಮಾಡಬೇಕು. ಮೊದಲು ಒಲೆಯ ಮೂರೂ ಕಾಲಿಗೆ ನೀರು ಹಾಕಿ ಧೂಳು ತೊಳೆದೆ. ಗುಲ್ಜಾರಮ್ಮನಿಗೆ ಮಣೆ ಹಾಕಿ ಮಜ್ಜಿಗೆ ಕೊಟ್ಟೆ. ಗಿರಾಕಿ ಮಜ್ಜಿಗೆ ಕುಡಿದು ಲೋಟ ಕೆಳಗಿಡುವವರೆಗೆ ದೂರು ಹೇಳುವ ಹಾಗಿಲ್ಲ, ನಾವು ಸಬೂಬು ಹೇಳುವ ಹಾಗಿಲ್ಲ. ಅವರು ಒಂದೇ ಗುಟುಕಿಗೆ ಕುಡಿದು ಲೋಟ ಇಟ್ಟರು. "ನೋಡು ಬೇಟಿ, ಬೈಯೋಕ್ಕೆ ನಂಗೇನೂ ಇಲ್ಲ. ಕೆಂಡ ಒಂದು ಸಲ ಹಾಕಿದ್ರೆ ಅರ್ಧ ದಿನ ಹಿಡಿತೈತೆ, ಸೀಕು ಒಂದೇ ಸಮ ಬೇಯ್ತದೆ, ಗಾಳಿಗೆ ಹೆದರಲ್ಲ. ಈ ಮೂರು ತಿಂಗಳಲ್ಲಿ ಎಷ್ಟು ಜನಕ್ಕೆ ಇದನ್ನ ತೋರ್ಸಿ ಮೆರೆದೆ ಗೊತ್ತಾ? ಇವತ್ತು ಬೆಳಗ್ಗೆ ಮುಚ್ಚಳ ಎತ್ತಿದೆ, ಕಟ್ ಅಂತು, ನಡೆಯೋಕ್ಕೆ ಶುರು ಮಾಡ್ತು. ಆದ್ರೆ ಸಂಜೆ ಐದಕ್ಕೆ ನನ್ನ ತಂಗಿ ಮಗಳ ನಿಶ್ಚಿತಾರ್ಥ. ಅರವತ್ತು ಜನ. ಗಂಡಿನ ಕಡೆಯವರಿಗೆ ಈ ಒಲೆ ಬಗ್ಗೇನೇ ಹೇಳಿ ಕರ್ದಿದೀನಿ. ನನ್ನ ಮಾನ ಐತಿದ್ರಲ್ಲಿ."

ನಾನು ಒಲೆಯ ಪಕ್ಕ ಮಂಡಿಯೂರಿದೆ. ಹೊಟ್ಟೆಯ ಮೇಲೆ ಬೆರಳಲ್ಲಿ ಬಡಿದೆ, ಗಂಟೆಯ ದನಿ. ರಿವೆಟ್ಟುಗಳು ಒಂದೂ ಅಲ್ಲಾಡಲಿಲ್ಲ. ಗಾಳಿಕಿಂಡಿ ಕಿರುಬೆರಳಿಗೆ ಸರಿಯಿತು, ಬಿಟ್ಟಲ್ಲಿ ನಿಂತಿತು. ಬೂದಿ ತಟ್ಟೆ, ಸರಳು, ಕಾಲು, ಎಲ್ಲ ನಾನು ಕಳಿಸಿದ ಹಾಗೇ ಇದ್ದವು. ಮುಚ್ಚಳವನ್ನು ಹೊಟ್ಟೆಗೆ ಹಿಡಿದಿಡುವ ಎರಡು ಕೀಲುಗಳಲ್ಲಿ ಎಡಗಡೆಯದರ ಮೊಳೆ ಮಾತ್ರ ತುಂಡಾಗಿತ್ತು. ಅರ್ಧ ಮೊಳೆಯನ್ನು ಕಿತ್ತು ಬೆಳಕಿಗೆ ಹಿಡಿದೆ. ಮುರಿದ ಕಡೆ ಕಲ್ಲುಸಕ್ಕರೆಯ ಹಾಗೆ ಹರಳು ಹರಳು. ಉಕ್ಕು ಹದ ಮೀರಿ ಗಡುಸಾದರೆ ಹೀಗೆ ಗಾಜಿನಂತೆ ಮುರಿಯುತ್ತದೆ. ಆಮೇಲೆ ಅದರ ತಲೆ ನೋಡಿದೆ. ಚಪ್ಪಟೆ ತಲೆ. ನಾನು ಮೊಳೆಯ ತಲೆಯನ್ನು ಮಲ್ಲಿಗೆ ಮೊಗ್ಗಿನಂತೆ ಉಜ್ಜುತ್ತೇನೆ. ಕೆಲಸಕ್ಕೇನೂ ಉಪಯೋಗವಿಲ್ಲದ್ದು, ಅಜ್ಜಿ ಅದಕ್ಕೂ ಬೈಯುತ್ತಾಳೆ. ಬಲಗಡೆಯ ಕೀಲಿನಲ್ಲಿ ಮೊಗ್ಗು ಇತ್ತು. ಎಡಗಡೆಯದು ನನ್ನದಲ್ಲ. ಚಪ್ಪಟೆ ತಲೆಯ ಮೊಳೆಯನ್ನು ಈ ಊರಲ್ಲಿ ಒಬ್ಬಳೇ ಮಾಡುತ್ತಿದ್ದಳು, ಅಜ್ಜಿ.

ನನ್ನ ಕೈ ತಾನಾಗಿ ಮುಷ್ಟಿ ಕಟ್ಟಿತು. ಬಾಗಿಲಲ್ಲಿ ತೋಪಣ್ಣ, ಅವನ ಹಿಂದೆ ಓಣಿಯ ಜನ. ಮೊಳೆ ಎತ್ತಿ ತೋರಿಸಿದ್ದರೆ ಒಲೆ ನನ್ನದಾಗುತ್ತಿತ್ತು. ಆದರೆ ಕೈ ತೆರೆಯಲು ನನ್ನಿಂದ ಆಗಲಿಲ್ಲ. ಇಡೀ ಒಲೆಯೇ ಅಜ್ಜಿಯದು, ವಯಸ್ಸಾಯಿತು, ಒಂದು ಕೆಟ್ಟಿತು ಎಂದು ಊರು ಅಂದುಕೊಂಡರೆ ಅಂದುಕೊಳ್ಳಲಿ. ಕದ್ದು ಮೊಳೆ ಬದಲಿಸಿದಳು, ಮೊಮ್ಮಗಳ ಕೈಯನ್ನೇ ನಂಬಲಿಲ್ಲ ಎಂಬ ಮಾತು ನನ್ನ ಬಾಯಿಂದ ಹೊರಡುವುದು ಬೇಡ ಅನ್ನಿಸಿತು. "ಬಾಗಿಲು ಮುಂದಕ್ಕೆ ಹಾಕು" ಎಂದಳು ಅಜ್ಜಿ. ಹಾಕಿದೆ. ಒಳಗೆ ನಾವು ಮೂವರೇ ಉಳಿದೆವು.

"ಮುಷ್ಟಿ ಬಿಚ್ಚು" ಎಂದಳು.

ಬಿಚ್ಚಿದೆ. ಅವಳು ಮೊಳೆಯ ತುಂಡನ್ನು ಕಣ್ಣಿನ ಹತ್ತಿರ, ಇನ್ನೂ ಹತ್ತಿರ ತಂದು ನೋಡಿದಳು. ಕಾಣದೆ ಹೆಬ್ಬೆರಳಲ್ಲಿ ಹರಳುಗಳನ್ನು ಸವರಿದಳು. "ನೀನು ಇದ್ದಿಲು ತರಕ್ಕೆ ಹೋಗಿ ಮೋಡ ನೋಡ್ಕಂಡು ಕೂತಿದ್ಯಲ್ಲ, ಆವತ್ತು ಮಧ್ಯಾಹ್ನ" ಎಂದಳು. "ನಿನ್ನ ಮೊಳೆ ಮುಟ್ಟಿ ನೋಡ್ದೆ. ಮೆದು ಅನ್ನಿಸ್ತು. ನೂರು ದಿನ ತಡೀಬೇಕಲ್ಲ ಮಗಿಂದು ಅಂತ ನಾನೊಂದು ಮಾಡಿ ಹಾಕ್ದೆ. ನೀಲಿ ಬಣ್ಣ ಬಂತು ಅಂದ್ಕಂಡೆ. ಬಂದಿರ್ಲಿಲ್ಲ."

"ಕಣ್ಣು ಮಂಜಾಗೈತೆ ಅಂತ ಹೇಳ್ಬಾರ್ದಾಗಿತ್ತಾ ಅಜ್ಜಿ?"

"ಹೇಳಿದ್ರೆ ಕುಲುಮೆ ಮುಂದೆ ಕೂರಕ್ಕೆ ಬಿಡ್ತಿದ್ಯಾ?"

ಗುಲ್ಜಾರಮ್ಮ ಗಡಿಯಾರ ನೋಡುವಂತೆ ಗೋಡೆಯ ಬಿಸಿಲು ನೋಡಿ, "ಮೌನಕ್ಕ, ಅಳೋದಾದ್ರೆ ಸಂಜೆ ಮ್ಯಾಲೆ ಅಳೋಣ. ನಂದೂ ಸೇರ್ಸಿ ಅಳ್ತೀನಿ. ಈಗ ಮೊಳೆ" ಎಂದರು. ಅಜ್ಜಿಗೆ ನಗು ಬಂತು. ಎದ್ದು ಬಂದು ತಿದಿಯ ಪಕ್ಕ ಕೂತಳು. ಎಂದೂ ನಾನು ಕೂರುವ ಜಾಗ ಅದು. "ಒತ್ತೋದು ನಾನು. ನೀನು ಬಣ್ಣ ಹೇಳು" ಎಂದಳು.

ಉಕ್ಕಿನ ಸಲಾಕೆ ಕಾಯಿಸಿ, ಬಡಿದು, ಕತ್ತರಿಸಿ, ಕೆಂಪಗೆ ಮಾಡಿ ನೀರಿಗೆ ಅದ್ದಿದೆ. ಮರಳಲ್ಲಿ ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸತೊಡಗಿದೆ. ಹದ ಕೂರುವುದು ಈಗಲೇ; ಕಾಯುತ್ತ ಕಾಯುತ್ತ ಉಕ್ಕಿನ ಬಣ್ಣ ಬದಲಾಗುತ್ತದೆ, ನೀಲಿಗೆ ಬರುವ ಮೊದಲೇ ಎತ್ತಿದರೆ ಗಡುಸು ಹಾಗೇ ಉಳಿಯುತ್ತದೆ. "ಒಣಗಿದ ಜೋಳದ ದಂಟು, ಅಜ್ಜಿ" ಎಂದೆ. ತಿದಿ ಮೆತ್ತಗಾಯಿತು. "ಅಲ್ಲೇ ನಾನು ಎತ್ತಿದ್ದು" ಎಂದಳು. "ಈಗ ಬೆಲ್ಲದ ಬಣ್ಣ. ಈಗ ನೇರಳೆ ಹಣ್ಣು" ಎಂದೆ. ತಿದಿ ಇನ್ನೂ ಮೆತ್ತಗೆ, ರಾಜಕುಮಾರಿ ಬಾವಿಕಟ್ಟೆಯ ಮೇಲೆ ಅಳುವಾಗಿನಂತೆ. "ಈಗ ನವಿಲಿನ ಕುತ್ತಿಗೆ" ಎಂದು ಹೇಳುತ್ತಲೇ ಎತ್ತಿ ಅದ್ದಿದೆ. ತಣಿದ ಮೊಳೆಯ ತಲೆಯನ್ನು ಅರದಲ್ಲಿ ಉಜ್ಜುವಾಗ ಅಜ್ಜಿ ಕೈಚಾಚಿ ಮುಟ್ಟಿ ನೋಡಿದಳು. ಮೊಗ್ಗು. "ಇರ್ಲಿ ಬಿಡು" ಎಂದಳು. ಆ ಮಾತನ್ನು ಅವಳು ನನ್ನ ಯಾವ ಕೆಲಸಕ್ಕೂ ಅದುವರೆಗೆ ಹೇಳಿರಲಿಲ್ಲ. ಬಲಗಡೆಯ ಮೊಳೆಯನ್ನೂ ತೆಗೆದು ನೋಡಿದೆ; ಸವೆತವಿಲ್ಲ, ಬಾಗಿರಲಿಲ್ಲ. ಅದು ಮೆದುವಾಗಿರಲಿಲ್ಲ. ವೀಳ್ಯದೆಲೆ ಸಿಕ್ಕಿಸಿ ಎಳೆದಾಗ ಹರಿಯಿತು.

ಸರಿಮಾಡಿದ ವಸ್ತು ನಡೆಯುವುದಿಲ್ಲ, ಹೊತ್ತುಕೊಂಡು ಹೋಗಬೇಕು. ಕೆಡಿಸಿದವರ ತಲೆಯ ಮೇಲೆ, ಬರಿಗಾಲಲ್ಲಿ, ಪೇಟೆಯ ನಟ್ಟನಡುವೆ. ದಾರಿಯಲ್ಲಿ ಯಾರಾದರೂ ಎರಡು ಪ್ರಶ್ನೆ ಕೇಳಬಹುದು: ಏನು ಕೆಟ್ಟಿತ್ತು, ಯಾರ ಕೈದು. ಕೇಳಿದವರಿಗೆಲ್ಲ ನಿಂತು ಉತ್ತರ ಹೇಳಬೇಕು. ಅಜ್ಜಿಗೆ ಎಪ್ಪತ್ತಾರು ವರ್ಷ. ಒಲೆಯನ್ನು ನೆಲದಿಂದ ಎತ್ತಲೂ ಅವಳಿಂದಾಗದು. "ನಾನೇ ಹೊರ್ತೀನಿ ಅಜ್ಜಿ, ನೀನು ಮಂಚದ ಮೇಲಿರು. ಏನು ಕೇಳಿದ್ರೂ ನಂದೇ ಅಂತೀನಿ" ಎಂದೆ.

"ಒಲೆ ಅಷ್ಟು ದೂರ ನಡ್ಕಂಡು ಬಂದು ನಿಜ ಹೇಳೈತೆ" ಎಂದಳು ಅಜ್ಜಿ. "ಅದಕ್ಕಿರೋ ನಿಯತ್ತು ನಂಗಿಲ್ವಾ? ಮುಚ್ಚಳ ಬಿಚ್ಚು. ನನ್ನ ಮೊಳೆ ಇದ್ದದ್ದು ಅದರಲ್ಲಿ. ನಾನು ಅದನ್ನ ಹೊರ್ತೀನಿ, ನೀನು ಮಿಕ್ಕಿದ್ದು ಹೊರು."

ಹೀಗೆ ನಾವು ಹೊರಟೆವು. ಮುಂದೆ ಅಜ್ಜಿ, ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕಪ್ಪು ಮುಚ್ಚಳ ಬೋರಲಾಗಿ, ರಾಣಿಯೊಬ್ಬಳು ಛತ್ರಿ ಹಿಡಿಯುವವರಿಲ್ಲದೆ ತಾನೇ ಹೊತ್ತುಕೊಂಡು ಹೋಗುವಂತೆ. ಹಿಂದೆ ನಾನು, ಕತ್ತು ಹೂತುಹೋಗುವಂಥ ಒಲೆಯ ಕೆಳಗೆ. ನನ್ನ ಹಿಂದೆ ಇಕ್ಕಳ ಹಿಡಿದ ಗುಲ್ಜಾರಮ್ಮ. ಪಕ್ಕದ ದಾರಿಯಿಂದ ಬೀದಿಗಿಳಿಯುತ್ತಲೇ ತೋಪಣ್ಣ ತನ್ನ ಕುರ್ಚಿಯಿಂದ ಎದ್ದು ನಿಂತ. ಕೇಳಲೋ ಬೇಡವೋ ಎಂದು ಅವನು ಲೋಟ ತಿರುಗಿಸುತ್ತಿರುವುದನ್ನು ನೋಡಿ ಅಜ್ಜಿಯೇ ನಿಂತಳು. "ಕೇಳೋ ತೋಪ. ನಿನ್ನ ಬಾಯಲ್ಲೇ ಶುರುವಾಗ್ಲಿ."

"ಏನು ಕೆಟ್ಟಿತ್ತಮ್ಮ?"

"ಒಂದು ಮೊಳೆ."

"ಯಾರ ಕೈದು?"

"ಮೊಳೆ ನಂದು. ಕದ್ದು ಹಾಕಿದ್ದೆ. ಒಲೆ ಇವಳದು" ಎಂದಳು ಅಜ್ಜಿ. ತುಸು ತಡೆದು ಸೇರಿಸಿದಳು, "ಒಲೇಲಿ ಏನೂ ಕೆಟ್ಟಿಲ್ಲ."

ಪೇಟೆ ದಾಟುವುದರೊಳಗೆ ಅವಳು ಇದನ್ನು ಹನ್ನೊಂದು ಸಲ ಹೇಳಿದಳು. ಪಾತ್ರೆ ಅಂಗಡಿಯ ಮುಂದೆ ಹೇಳಿದಳು, ಬೀಗ ಮಾಡುವವರ ಸಾಲಿನಲ್ಲಿ ಹೇಳಿದಳು. ಮೊದಮೊದಲು ದನಿ ನಡುಗುತ್ತಿತ್ತು. ನಾಲ್ಕನೆಯ ಸಲದ ಹೊತ್ತಿಗೆ ಸರಿಹೋಯಿತು. ಆಮೇಲಾಮೇಲೆ ಮೊಳೆಯ ಮಾತು ಚಿಕ್ಕದಾಗುತ್ತ, ಒಲೆಯ ಮಾತು ಉದ್ದವಾಗುತ್ತ ಹೋಯಿತು. ನಾಲ್ಕುದಾರಿ ಕೂಡುವಲ್ಲಿ ಹೂ ಮಾರುವವಳು ಕೇಳಿದಾಗ ಅಜ್ಜಿ ಗಾಳಿಕಿಂಡಿಯ ವಿಷಯ, ಎರಡು ಪದರದ ತಗಡಿನ ವಿಷಯ, ರಿವೆಟ್ಟಿನ ವಿಷಯ ಎಲ್ಲ ಹೇಳಿ, "ಬಾ, ಬಡಿದು ನೋಡು, ದನಿ ಕೇಳು" ಎಂದು ಕರೆದಳು. ಹೂವಿನವಳು ಎದ್ದು ಬಂದು ನನ್ನ ತಲೆಯ ಮೇಲಿದ್ದ ಒಲೆಯನ್ನು ಬೆರಳಲ್ಲಿ ಬಡಿದಳು. ಆ ಗಂಟೆಯ ದನಿ ನನ್ನ ನೆತ್ತಿಯಿಂದ ಪಾದದವರೆಗೆ ಇಳಿಯಿತು. ಸುತ್ತುತ್ತಿದ್ದ ತಗಡಿನ ಒಲೆಗಳು ಆ ಗಳಿಗೆ ನಿಂತು ಕೇಳಿದವು ಎಂದು ನನಗೆ ಕಂಡಿತು. ಅದು ನನ್ನ ಭ್ರಮೆಯೂ ಇರಬಹುದು. ಕತ್ತು ತಿರುಗಿಸಿ ನೋಡುವಂತಿರಲಿಲ್ಲ.

ಕೆರೆ ಏರಿಯ ಮೇಲೆ ಪೆಂಡಾಲು ಹಾಕಿದ್ದರು. ಒಲೆ ಇಳಿಸಿ, ಸೊಂಟಕ್ಕೆ ಸಿಕ್ಕಿಸಿ ತಂದಿದ್ದ ಸುತ್ತಿಗೆಯಲ್ಲಿ ಮೊಳೆ ಬಡಿದು ಮುಚ್ಚಳ ಕೂಡಿಸಿದೆ. ಮೊದಲ ಕೆಂಡ ನಾವೇ ಹಾಕಿ, ಮೊದಲ ತುತ್ತು ನಾವೇ ತಿನ್ನಬೇಕು. ನಮ್ಮ ಕೆಲಸದ ಮೇಲೆ ನಮಗೇ ನಂಬಿಕೆ ಇದೆ ಎಂದು ಗಿರಾಕಿಗೆ ಗೊತ್ತಾಗಬೇಕಲ್ಲ. ಅಜ್ಜಿ ಮಾಂಸ ಮುಟ್ಟುವವಳಲ್ಲ. ಗುಲ್ಜಾರಮ್ಮ ಅವಳಿಗೆಂದೇ ಹೊಸ ಸೀಕಿನಲ್ಲಿ ಎಳೆ ಬದನೆಕಾಯಿ ಚುಚ್ಚಿ, ಉಪ್ಪು ಖಾರ ಸವರಿ ಸುಟ್ಟುಕೊಟ್ಟರು. ಮುಚ್ಚಳ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಸದ್ದೇ ಇಲ್ಲ. ಗಂಡಿನ ಕಡೆಯ ಹಿರಿಯರೊಬ್ಬರು ಅಷ್ಟರಲ್ಲೇ ಬಂದು ಒಲೆಯ ಸುತ್ತ ಒಂದು ಸುತ್ತು ಹಾಕಿ, "ಇದು ಯಾರ ಕೆಲಸ?" ಎಂದು ಕೇಳಿದರು. ಗುಲ್ಜಾರಮ್ಮ ಬಾಯಿ ತೆರೆಯುವ ಮೊದಲು ಅಜ್ಜಿ ಕೈಯೆತ್ತಿ ತಡೆದಳು. ಬದನೆಕಾಯಿ ನುಂಗಿ, ಬೆರಳು ಒರೆಸಿಕೊಂಡು, ಸೊಂಟದ ಚೀಲ ಬಿಚ್ಚಿ ಅಚ್ಚನ್ನು ನನ್ನ ಅಂಗೈಯಲ್ಲಿಟ್ಟಳು.

"ಇನ್ನೂ ಮೂರು ದಿನ ಐತಜ್ಜಿ" ಎಂದೆ.

"ಆ ಮೂರು ದಿನ ನನ್ನ ಲೆಕ್ಕಕ್ಕೆ ಹಾಕ್ಕೋ. ಹೊಡಿ. ಅವರು ಕೇಳ್ತಾ ಅವ್ರೆ, ಉತ್ತರ ಕೊಡು."

ಗಾಳಿಕಿಂಡಿಯ ಮೇಲ್ಗಡೆ ಜಾಗ ನೋಡಿ, ಅಚ್ಚು ನೆಟ್ಟಗೆ ಹಿಡಿದು, ಸುತ್ತಿಗೆಯಲ್ಲಿ ಒಂದೇ ಏಟು ಹಾಕಿದೆ. ಮೂರು ಕಿಡಿ ಮೂಡಿದವು. "ನಂದು" ಎಂದೆ ಆ ಹಿರಿಯರಿಗೆ.

ಆ ಒಲೆ ಈಗಲೂ ಕೆರೆ ಏರಿಯ ಮೇಲೆ ನಿಂತ ಕಡೆ ನಿಂತಿದೆ. ಬರುದಾರಿಯಲ್ಲಿ ಬಾಗಿದ ಹುಲ್ಲು ಎರಡು ಮಳೆಗೆ ಎದ್ದುಕೊಂಡಿತು. ಅದಕ್ಕೆ ನೀರು ಹಾಕುವುದು ಈಗ ನನ್ನ ಪಾಲಿನ ಕೆಲಸ, ಯಾರು ನೋಡುತ್ತಿದ್ದರೂ ಹಾಕುತ್ತೇನೆ. ಮುರಿದ ಮೊಳೆಯ ಎರಡು ತುಂಡುಗಳನ್ನು ಅಂದೇ ಗುಜರಿ ಡಬ್ಬಕ್ಕೆ ಎಸೆದಿದ್ದೆ; ಬೆಳಗಾಗುವುದರೊಳಗೆ ಅವು ಉರುಳಿಕೊಂಡು ಅಜ್ಜಿಯ ಮಂಚದ ಕಾಲಿನ ಬಳಿ ಬಂದಿದ್ದವು. ಮರುದಿನ ಡಬ್ಬದ ಬಾಯಿ ಕಟ್ಟಿದೆ, ಆದರೂ ಬಂದವು. ಸರಿಮಾಡಿದರೆ ಸುಮ್ಮನಾಗುತ್ತವೆ, ಕರಗಿಸಿ ಬೇರೆ ಮೊಳೆ ಮಾಡಿಕೊಡಲೇ ಎಂದು ಕೇಳಿದೆ. ಬೇಡ ಎಂದಳು. ಈಗ ಅವು ಅವಳ ದಿಂಬಿನ ಪಕ್ಕ ಒಂದು ಬಟ್ಟಲಲ್ಲಿವೆ. ಸಂಜೆ ತೋಪಣ್ಣ ತನ್ನ ಕುರ್ಚಿ ಎತ್ತಿಕೊಂಡು ಹರಟೆಗೆ ಬಂದಾಗ ಅಜ್ಜಿ ಆ ಬಟ್ಟಲನ್ನು ಅಲ್ಲಾಡಿಸಿ ಸದ್ದು ಮಾಡಿ, "ನಂದೂ ಒಂದು ಬಂದೈತೆ ಕಣೋ ತೋಪ" ಅನ್ನುತ್ತಾಳೆ. ಆಮೇಲೆ ಅವನಿಗೆ ಒಂದು ಬೆರಳೆತ್ತಿ ತೋರಿಸುತ್ತಾಳೆ. "ಒಂದೇ."